ಹಂದಿ ಸಾಕಣೆ: ಇಂದಿನ ತೊಡಕುಗಳು, ಮುಂದಿನ ಹಾದಿ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯ ಸುತ್ತಮುತ್ತಲ ಪ್ರದೇಶವು ಕಾವೇರಿಯ ನೀರುಂಡು ಬೆಳೆಯುವ ನಾಡು. ಭತ್ತ ಮತ್ತು ಕಬ್ಬು ಇಲ್ಲಿನ ಮುಖ್ಯ ಬೆಳೆಗಳು. ಭತ್ತವನ್ನು ಗಿರಣಿಗೆ ಹಾಕಿದಾಗ ಅಕ್ಕಿಯೊಡನೆ ತವುಡೂ ದೊರೆಯುತ್ತದೆ. ತವುಡು ಹಂದಿಗೆ ಒಳ್ಳೆಯ ಆಹಾರ. ಆದುದರಿಂದ ಇಂತಹ ಪ್ರದೇಶವು ಹಂದಿ ಸಾಕಣೆಗೆ ಅನುಕೂಲವೆಂದು ತೋರುವುದು ಸಹಜ. ಆದರೆ ಗದ್ದೆಯಲ್ಲಿ ನಿಲ್ಲುವ ಅದೇ ನೀರು ಈ ಕಸುಬಿಗೆ ಒಂದು ತೊಡಕನ್ನೂ ತಂದೊಡ್ಡಿದೆ.

ಹಂದಿಯಷ್ಟು ಶೀಘ್ರವಾಗಿ ವೃದ್ಧಿ ಹೊಂದುವ ಸಾಕುಪ್ರಾಣಿಗಳು ವಿರಳ. ಅದರ ಗರ್ಭಾವಧಿ ಸುಮಾರು 114 ದಿನಗಳು. ಯಾರ್ಕ್‌ಷೈರಿನಂತಹ ಉತ್ತಮ ತಳಿಯ ಹೆಣ್ಣು ಹಂದಿಯು ವರ್ಷಕ್ಕೆ ಎರಡು ಬಾರಿ ಈಯಬಲ್ಲದು. ಒಂದೊಂದು ಸೂಲಿನಲ್ಲಿ 8ರಿಂದ 12 ಮರಿಗಳನ್ನು ಹಾಕಬಲ್ಲದು. ಅಲ್ಪ ಭೂಮಿಯುಳ್ಳ ಕುಟುಂಬಕ್ಕೂ ಇದು ಆಸರೆಯಾಗಬಲ್ಲ ಕಸುಬು. ಇಷ್ಟಿದ್ದರೂ 2012ರ ಜಾನುವಾರು ಗಣತಿಯಲ್ಲಿ ಸುಮಾರು 1 ಕೋಟಿ 3 ಲಕ್ಷವಿದ್ದ ಭಾರತದ ಹಂದಿಗಳ ಸಂಖ್ಯೆ 2019ರ ಗಣತಿಯಲ್ಲಿ ಸುಮಾರು 90 ಲಕ್ಷಕ್ಕೆ ಇಳಿಯಿತು.

ಈ ಕಸುಬಿನ ಮೊದಲನೆಯ ತೊಡಕು ರೋಗ. 2020ರಲ್ಲಿ ಆಫ್ರಿಕನ್ ಹಂದಿ ಜ್ವರವು ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡು ಸಾವಿರಾರು ಹಂದಿಗಳನ್ನು ಬಲಿ ತೆಗೆದುಕೊಂಡಿತು. ಇದು ಮನುಷ್ಯರಿಗೆ ತಗಲುವುದಿಲ್ಲ. ಆದರೆ ಹಂದಿಗಳಿಗೆ ತಗುಲಿದರೆ ಚಿಕಿತ್ಸೆಯಿಲ್ಲ. ಬೇಯಿಸದ ಮುಸುರೆಯನ್ನು ಉಣಿಸುವುದರಿಂದಲೂ ಇದು ಹರಡುತ್ತದೆ.

ಭತ್ತದ ನಾಡಿಗೆ ಸಂಬಂಧಿಸಿದ ತೊಡಕು ಮತ್ತೊಂದು ಬಗೆಯದು. ಗದ್ದೆಯ ನಿಂತ ನೀರಿನಲ್ಲಿ ಕ್ಯೂಲೆಕ್ಸ್ ಸೊಳ್ಳೆಗಳು ಹುಟ್ಟುತ್ತವೆ. ಮಿದುಳು ಜ್ವರದ ವೈರಾಣು ಈ ಸೊಳ್ಳೆಗಳ ಮೂಲಕ ಹಂದಿಯ ದೇಹವನ್ನು ಸೇರಿ ಅಲ್ಲಿ ಹೇರಳವಾಗಿ ಬೆಳೆಯುತ್ತದೆ. ಮತ್ತೆ ಸೊಳ್ಳೆಗಳಿಂದಲೇ ಮನುಷ್ಯರಿಗೆ ತಲಪುತ್ತದೆ. ಹೆಚ್ಚಾಗಿ ಇದಕ್ಕೆ ತುತ್ತಾಗುವವರು ಮಕ್ಕಳು. ಬದುಕುಳಿದವರಲ್ಲಿಯೂ ಅನೇಕರ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ. ಮಂಡ್ಯ, ಕೋಲಾರ ಜಿಲ್ಲೆಗಳು ಈ ರೋಗದ ಕಹಿಯನ್ನು ಉಂಡಿವೆ. ಮಕ್ಕಳಿಗೆ ಹಾಕುವ ಲಸಿಕೆಯು ಇದರ ವಿರುದ್ಧ ಉತ್ತಮ ರಕ್ಷಣೆ.

ಹಾಗೆಂದು ಹಂದಿಯನ್ನೇ ದೂಷಿಸುವುದು ಸರಿಯಲ್ಲ. ಮೇವು ಕಾಣದೆ ಬೀದಿಯ ಕೊಳಚೆಯಲ್ಲಿ ಅಲೆಯುವ ಹಂದಿಯನ್ನು ಹಾಗೆ ಬಿಟ್ಟವರು ಮನುಷ್ಯರೇ. ಜನವಸತಿಯಿಂದ ದೂರದಲ್ಲಿ ಗಟ್ಟಿನೆಲದ ಕೊಟ್ಟಿಗೆ, ಸೊಳ್ಳೆ ನುಸುಳದ ಜಾಲರಿ, ಬೇಯಿಸಿದ ಆಹಾರ, ಶುದ್ಧವಾದ ನೀರು, ಹಂದಿ ಜ್ವರಕ್ಕೆ ಕಾಲಕಾಲಕ್ಕೆ ಲಸಿಕೆ, ಹೊಸದಾಗಿ ತಂದ ಹಂದಿಯನ್ನು ಕೆಲವು ವಾರ ಬೇರೆಯಾಗಿರಿಸುವ ಎಚ್ಚರ, ಇವು ಕೂಡಿದಾಗ ಅದೇ ಪ್ರಾಣಿ ಕುಟುಂಬದ ಆದಾಯಕ್ಕೆ ಮೂಲವಾಗುತ್ತದೆ.

ಮತ್ತೊಂದು ತೊಡಕು ಜನರ ಮನಸ್ಸಿನಲ್ಲಿದೆ. ಕೊಡಗಿನಲ್ಲಿ ಹಂದಿಮಾಂಸದ ಅಡುಗೆಯು ಹಬ್ಬದೂಟಕ್ಕೆ ಭೂಷಣ. ಬೇರೆ ಅನೇಕ ಕಡೆಗಳಲ್ಲಿ ಹಂದಿ ಸಾಕುವವರನ್ನೇ ಕೀಳಾಗಿ ಕಾಣುವ ರೂಢಿಯುಂಟು. ಊಟದಲ್ಲಿ ಅವರವರ ಇಚ್ಛೆ ಅವರವರಿಗೆ ಇರಲಿ. ಆದರೆ ದುಡಿದು ಬದುಕುವವರ ಕಸುಬನ್ನು ಹೀನೈಸುವುದು ನ್ಯಾಯವಲ್ಲ. ಕೀಳೆಂದು ದೂರವಿಟ್ಟ ಕಸುಬಿಗೆ ಸಾಲವಾಗಲಿ, ತಜ್ಞರ ಸಲಹೆಯಾಗಲಿ ಸುಲಭವಾಗಿ ಒದಗದು. ಅವು ಒದಗದಿದ್ದರೆ ಕೊಟ್ಟಿಗೆ ಏಳದು; ಕೊಟ್ಟಿಗೆ ಏಳದಿದ್ದರೆ ಹಂದಿ ಬೀದಿಯಲ್ಲಿಯೇ ಉಳಿಯುವುದು. ಅದರ ಕೇಡು ಊರಿನ ಎಲ್ಲ ಮಕ್ಕಳಿಗೂ ತಟ್ಟುವುದು. ಸಾಕುವವರಿಗೆ ಗೌರವವನ್ನೂ ಸಾಕಣೆಗೆ ವಿಜ್ಞಾನದ ನೆರವನ್ನೂ ಕೊಟ್ಟಾಗಲೇ ಈ ಕಸುಬಿಗೆ ಭವಿಷ್ಯವುಂಟು.