ಮಾವಿನ ಬಿಯರಿನ ಸಿಹಿ ಎಲ್ಲಿ ಹೋಯಿತು?

ಪ್ರಶ್ನೆ: ಏಪ್ರಿಲ್ ಬಿಸಿಲಿಗೆ ಬೆಂದು ಇಂದಿರಾನಗರದ ಮೈಕ್ರೋಬ್ರೂವರಿಯೊಂದಕ್ಕೆ ಹೋಗಿದ್ದೆ. ಈ ಸೀಸನ್ನಿನದು ಅಂತ ಮಾವಿನ ಗೋಧಿ ಬಿಯರ್ ಕೊಟ್ಟರು. ನೋಡಿದರೆ ಮಬ್ಬು ಮಬ್ಬು, ಕುಡಿದರೆ ಸಿಹಿಯೇ ಇಲ್ಲ. ಮೇಲಿಂದ ಬಾಳೆಹಣ್ಣಿನ ವಾಸನೆ! ಕೆಟ್ಟಿತ್ತೋ, ಎಸೆನ್ಸ್ ಸುರಿದಿದ್ದರೋ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ನೀವು ಹೇಳುವ ಲಕ್ಷಣ ನೋಡಿದರೆ ಎರಡೂ ಅಲ್ಲ. ಮಾವಿನ ತಿರುಳನ್ನು ಸಾಮಾನ್ಯವಾಗಿ ಹುದುಗುವ ಟ್ಯಾಂಕಿಗೇ ಹಾಕುತ್ತಾರೆ. ಅಲ್ಲಿರುವ ಯೀಸ್ಟ್ ಮಾಲ್ಟಿನ ಸಕ್ಕರೆಯ ಜೊತೆಗೆ ಹಣ್ಣಿನ ಸಕ್ಕರೆಯನ್ನೂ ತಿಂದು ಮುಗಿಸುತ್ತದೆ. ಉಳಿಯುವುದು ಪರಿಮಳ ಮತ್ತು ಕೊಂಚ ಹುಳಿ. ಸೀಕರಣೆಯಷ್ಟು ಸಿಹಿ ಇದ್ದಿದ್ದರೆ ಕೊನೆಯಲ್ಲಿ ರಸವನ್ನೋ ಸಿರಪ್ಪನ್ನೋ ಬೆರೆಸಿದ್ದಾರೇನೋ ಎಂದು ನಾನು ಅನುಮಾನಿಸುತ್ತಿದ್ದೆ. ಅಂಥದ್ದು ಅರ್ಧ ಗ್ಲಾಸಿಗೇ ಮುಖ ಹೊಡೆಯುತ್ತದೆ.

ಬಾಳೆಹಣ್ಣಿನ ವಾಸನೆಯೂ ಯೀಸ್ಟಿನದೇ ಕೆಲಸ. ಜರ್ಮನಿಯ ಬವೇರಿಯಾದ ಗೋಧಿ ಬಿಯರಿಗೆ ಬಳಸುವ ತಳಿ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುದುಗುವಾಗ ಐಸೊಅಮೈಲ್ ಅಸಿಟೇಟ್ ಎಂಬ ಸಂಯುಕ್ತ ಹೊರಬರುತ್ತದೆ. ಮಾಗಿದ ಬಾಳೆಹಣ್ಣಿನಲ್ಲಿ ಇರುವುದೂ ಇದೇ. ಇನ್ನೊಮ್ಮೆ ಮೂಸಿ ನೋಡಿ, ಅದರ ಹಿಂದೆಯೇ ಲವಂಗ ಸಿಗುತ್ತದೆ. ಮಾಲ್ಟನ್ನು ನೀರಿನಲ್ಲಿ ನೆನೆಸುವಾಗ ಸುಮಾರು 45 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಈ ಲವಂಗದ ಘಮ ಹೆಚ್ಚುತ್ತದೆ. ಬವೇರಿಯಾದಲ್ಲಿ ಈ ಗೋಧಿ ಬಿಯರಿಗೆ ವೈಸ್‌ಬಿಯರ್ ಎನ್ನುತ್ತಾರೆ. ಮಾಲ್ಟಿನಲ್ಲಿ ಕನಿಷ್ಠ ಅರ್ಧ ಗೋಧಿಯದೇ ಇರಬೇಕೆಂಬುದು ಅಲ್ಲಿನ ನಿಯಮ. ಮಬ್ಬಿಗೆ ಕಾರಣ ಗೋಧಿಯ ಪ್ರೋಟೀನು ಮತ್ತು ಸೋಸದೆ ಬಿಟ್ಟ ಯೀಸ್ಟು, ನಿಮ್ಮ ಗ್ಲಾಸಿನಲ್ಲಿ ಮಾವಿನ ತಿರುಳೂ ಸೇರಿರುತ್ತದೆ. ನನ್ನನ್ನು ಕೇಳಿದರೆ, ಮೊದಲು ಮಾವಿಲ್ಲದ ಗೋಧಿ ಬಿಯರನ್ನು ಸಣ್ಣ ಗ್ಲಾಸಿನಲ್ಲಿ ಕುಡಿದು ಆಮೇಲೆ ಇದಕ್ಕೆ ಬನ್ನಿ. ಹಣ್ಣು ಏನು ಸೇರಿಸಿತು ಎಂಬುದು ಆಗ ನಾಲಿಗೆಗೇ ಗೊತ್ತಾಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಗೋಧಿ ಬಿಯರಿಗೆ ಐಸ್‌ಗಟ್ಟಿದ ಮಗ್ಗು, ಮೇಲೊಂದು ನಿಂಬೆ ಹೋಳು – ಸರಿ ತಾನೆ?
– ಓದುಗರು, ಮಂಗಳೂರು

ಉತ್ತರ: ಸೆಕೆಗೆ ಹಿತವೇ, ಆದರೆ ರುಚಿ ನೋಡಲು ತಕ್ಕದ್ದಲ್ಲ. ಅಷ್ಟು ತಣ್ಣಗಿದ್ದರೆ ಘಮ ಮೇಲೇಳುವುದಿಲ್ಲ. 7–8 ಡಿಗ್ರಿ ಸಾಕು. ನಿಂಬೆ ಬಿದ್ದರೆ ಲವಂಗ ಮುಚ್ಚಿಹೋಗುತ್ತದೆ, ನೊರೆಯೂ ಕುಸಿಯುತ್ತದೆ. ಆ ಬಗೆಯ ರುಚಿ ಬೇಕೆಂದರೆ ಬೆಲ್ಜಿಯಂ ಶೈಲಿಯ ವಿಟ್‌ಬಿಯರ್ ಕೇಳಿ. ಅದಕ್ಕೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿಯೇ ತಯಾರಿಸಿರುತ್ತಾರೆ. ಬಾಟಲಿಯ ವೈಸ್‌ಬಿಯರ್ ಆದರೆ ಎತ್ತರದ ಗ್ಲಾಸನ್ನು ತಣ್ಣೀರಿನಲ್ಲಿ ತೊಳೆದು, ಓರೆ ಹಿಡಿದು ನಿಧಾನಕ್ಕೆ ಬಗ್ಗಿಸಿ. ಎರಡು ಬೆರಳಷ್ಟು ಉಳಿದಾಗ ಬಾಟಲಿಯನ್ನು ಗುಂಡಗೆ ಆಡಿಸಿದರೆ ತಳದ ಯೀಸ್ಟು ಏಳುತ್ತದೆ, ಅದನ್ನೂ ಸುರಿದುಬಿಡಿ.

ಪ್ರಶ್ನೆ: ಬಾಯಾರಿಕೆಗೆ ನೀರಿನ ಬದಲು ಗೋಧಿ ಬಿಯರ್ ಆದೀತೆ?
– ಓದುಗರು, ಕಲಬುರಗಿ

ಉತ್ತರ: ಆಗದು. ಇದರಲ್ಲಿ ಸಾಮಾನ್ಯವಾಗಿ ಶೇ 5ರ ಆಸುಪಾಸು ಆಲ್ಕೋಹಾಲ್ ಇರುತ್ತದೆ, ಮೂತ್ರ ಹೆಚ್ಚುತ್ತದೆ. ನಿಮ್ಮೂರಿನ ಬಿಸಿಲಿಗೆ ಮೊದಲು ಮಜ್ಜಿಗೆ. ಬಿಯರ್ ಸಂಜೆಗಿರಲಿ, ಪಕ್ಕದಲ್ಲಿ ನೀರಿರಲಿ, ಗಾಡಿ ಮನೆಯಲ್ಲಿರಲಿ. ಗೋಧಿ ಒಗ್ಗದವರು ಮಾತ್ರ ಮುಟ್ಟಲೇಬಾರದು.