ಗಾಳ ನೋಡಿ ಮೀನಿನ ಬಾಯಿ ಹೇಳುವುದು: ಮಿಶ್ರ ಮೀನು ಕೃಷಿ ಪಾಠದ ಒಂದು ಅಭ್ಯಾಸ ಬೋಧನೆ

ಪೀಠಿಕೆ

9ನೇ ತರಗತಿಯ ವಿಜ್ಞಾನದಲ್ಲಿ, ಆಹಾರ ಸಂಪನ್ಮೂಲಗಳ ಸುಧಾರಣೆಯ ಘಟಕದೊಳಗೆ, ಮಿಶ್ರ ಮೀನು ಕೃಷಿಗೆ ಸಿಕ್ಕಿರುವ ಜಾಗ ಸಣ್ಣದು. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ತಿನ್ನುತ್ತದೆ, ರೋಹು ನಡುಭಾಗದಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ, ಹುಲ್ಲುಗೆಂಡೆ ಕಳೆಯನ್ನು ತಿನ್ನುತ್ತದೆ. ಆದ್ದರಿಂದ ಒಂದೇ ಕೊಳದಲ್ಲಿ ಇವುಗಳ ನಡುವೆ ಆಹಾರಕ್ಕೆ ಸ್ಪರ್ಧೆ ಇರುವುದಿಲ್ಲ. ಪಠ್ಯದ ತಿರುಳು ಇಷ್ಟೇ. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಒಂದು ವಾರ ಕಳೆದರೆ ರೋಹುವನ್ನು ತಳಕ್ಕೂ ಮೃಗಾಲನ್ನು ನಡುವಿಗೂ ಹಾಕುತ್ತಾರೆ. ಹೆಸರಿಗೂ ಜಾಗಕ್ಕೂ ನಡುವೆ ಇರುವ ಕಾರಣವನ್ನು ನಾವು ಹೇಳಿಕೊಡದಿದ್ದರೆ ಹೀಗಾಗುವುದು ಸಹಜ. ಆ ಕಾರಣ ಇರುವುದು ಮೀನಿನ ಬಾಯಿಯಲ್ಲಿ. ಬಾಯಿಯನ್ನು ಚೆನ್ನಾಗಿ ಓದಿಕೊಂಡವರು ಮೀನು ಹಿಡಿಯುವವರು. ಹೀಗಾಗಿ ಗಾಳ, ಎರೆ, ಬೆಂಡುಗಳಿಂದ ಪಾಠ ಆರಂಭಿಸಿ ಪಠ್ಯದ ಪಟ್ಟಿಯನ್ನು ಕೊನೆಗೆ ಮಕ್ಕಳಿಂದಲೇ ಬರೆಸುವ ಯೋಜನೆಯೊಂದನ್ನು ತಳಕಲ್ ಭಾಗದ ಪ್ರೌಢಶಾಲೆಯಲ್ಲಿ 40 ನಿಮಿಷಗಳ ಎರಡು ಅವಧಿಗಳಲ್ಲಿ ಬೋಧಿಸಿದೆ. ಅದರ ವಿವರ ಇಲ್ಲಿದೆ.

ತರಗತಿಯ ಹಿನ್ನೆಲೆ

ತಳಕಲ್ ಮಳೆ ನಂಬಿದ ಸೀಮೆ. ಊರ ಪಕ್ಕದಲ್ಲಿ ಹೊಳೆಯಿಲ್ಲ. ಮಕ್ಕಳು ಕಂಡ ಮೀನು ಕೆರೆಯದು, ಕೃಷಿ ಹೊಂಡದ್ದು, ಇಲ್ಲವೇ ಸಂತೆಯದು. ಆದರೆ ಪೂರ್ವಕ್ಕೆ ಕೊಪ್ಪಳ ದಾಟಿದರೆ ಮುನಿರಾಬಾದ್. ಅಲ್ಲಿ 1953ರಿಂದ ನೀರು ನಿಂತಿರುವ ತುಂಗಭದ್ರಾ ಜಲಾಶಯ. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ಆ ಹಿನ್ನೀರಿನಲ್ಲಿ ಹರಿಗೋಲು ಹಾಕಿ ಬಲೆ ಬಿಡುವ ಕುಟುಂಬಗಳಿವೆ. ಅಲ್ಲಿ ನೆಂಟರಿರುವ ಮಕ್ಕಳು ನಮ್ಮ ತರಗತಿಯಲ್ಲೂ ಇದ್ದರು. ಮನೆಯಲ್ಲಿ ಮೀನನ್ನೇ ತಾರದ ಮಕ್ಕಳೂ ಇದ್ದರು. ಇಬ್ಬರಿಗೂ ಒಪ್ಪುವಂತೆ ಪಾಠ ಇರಬೇಕಿತ್ತು. ಆದ್ದರಿಂದ ಸತ್ತ ಮೀನನ್ನು ತರಗತಿಗೆ ತರದೆ ರಟ್ಟಿನ ಚಿತ್ರ ಮತ್ತು ಮಣ್ಣಿನ ಮಾದರಿಗಳನ್ನೇ ಬಳಸಿದೆ.

ಕಲಿಕಾ ಉದ್ದೇಶಗಳು

1. ಬಾಯಿಯ ದಿಕ್ಕು, ತುಟಿ, ಮೀಸೆ, ಹಲ್ಲುಗಳನ್ನು ನೋಡಿ ಮೀನಿನ ಆಹಾರ ಮತ್ತು ನೆಲೆಯನ್ನು ಊಹಿಸುವುದು.
2. ಎರೆ ಮತ್ತು ಗಾಳದ ಸಾಧನಗಳು ಮೀನಿನ ಯಾವ ಇಂದ್ರಿಯವನ್ನು ಸೆಳೆಯುತ್ತವೆ ಎಂದು ವಿವರಿಸುವುದು.
3. ಮಿಶ್ರ ಮೀನು ಕೃಷಿಯಲ್ಲಿ ತಳಿಗಳ ಆಯ್ಕೆಗೆ ಕಾರಣ ಕೊಡುವುದು.
4. ಹಿಡಿಯುವುದಕ್ಕೂ ಉಳಿಸುವುದಕ್ಕೂ ಇರುವ ಸಂಬಂಧವನ್ನು ಚರ್ಚಿಸುವುದು.

ಬೋಧನೋಪಕರಣಗಳು

ಮುಳ್ಳು ಮುರಿದು, ಮೊನೆಗೆ ಮೇಣ ಮೆತ್ತಿದ ಮೂರು ಅಳತೆಯ ಗಾಳಗಳು, ನೈಲಾನ್ ದಾರ, ಜೋಳದ ದಂಟಿನ ಬೆಂಡು, ಸಣ್ಣ ಸೀಸದ ಗುಂಡು, ಹಿಡಿಕೆ ಕತ್ತರಿಸಿ ಅಂಚು ಉಜ್ಜಿ, ತುದಿಗೆ ತೂತು ಹಾಕಿದ ಹಳೆಯ ಸ್ಟೀಲ್ ಚಮಚ, ಅಷ್ಟೇ ಉದ್ದದ ಚಪ್ಪಟೆ ತಗಡು, ನೀರು ತುಂಬಿದ ಅಗಲ ಬುಟ್ಟಿ, ಆರು ಮೀನುಗಳ ರಟ್ಟಿನ ಚಿತ್ರ, ಕಲಸಿದ ಎರೆಮಣ್ಣು. ಎಲ್ಲವೂ ಊರಲ್ಲೇ ಸಿಗುವಂಥವು.

ಪಾಠದ ನಡೆ

ಅನುಕೂಲಿಸುವುದು: ಹಲಗೆಯ ಮೇಲೆ ‘ಎರೆ’ ಎಂದು ಬರೆದು ಅರ್ಥ ಕೇಳಿದೆ. ‘ಎರಿ ಹೊಲ’ ಎಂಬ ಉತ್ತರ ಮೊದಲು ಬಂತು. ಕಡಲೆ, ಜೋಳ ಬೆಳೆಯುವ ಕಪ್ಪು ಮಣ್ಣಿನ ಸೀಮೆಯಲ್ಲಿ ಅದು ಮೊದಲು ಬರಲೇಬೇಕು. ಆಮೇಲೆ ಎರೆಹುಳು ಬಂತು. ಮೂರನೆಯದು, ಗಾಳಕ್ಕೆ ಸಿಕ್ಕಿಸುವ ತಿನಿಸು, ಹಿಂದಿನ ಸಾಲಿನಿಂದ ಮೆಲ್ಲಗೆ ಬಂತು. ಮೂರೂ ಸರಿ ಎಂದು ಬರೆದುಕೊಂಡು, ‘ಒಂದೇ ಎರೆಗೆ ಎಲ್ಲ ಮೀನೂ ಬೀಳ್ತಾವೇನು?’ ಎಂದು ಕೇಳಿದೆ. ಇದೇ ಪಾಠದ ಮೂಲ ಪ್ರಶ್ನೆ.

ಪರಿಶೋಧಿಸುವುದು: ತರಗತಿಯನ್ನು ನಾಲ್ಕು ಗುಂಪು ಮಾಡಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಕೊರವ, ಬಾಳೆಮೀನು ಈ ಆರರ ಚಿತ್ರಗಳನ್ನು ಕೊಟ್ಟೆ. ಹಿಂದೆ ಹೆಸರಷ್ಟೇ ಇತ್ತು, ಆಹಾರದ ವಿವರ ಇರಲಿಲ್ಲ. ಪ್ರತಿ ಮೀನಿನ ಬಾಯಿಯನ್ನು ಎರೆಮಣ್ಣಿನಲ್ಲಿ ಮಾಡಿ, ಅದು ಮೇಲಕ್ಕೆ ತೆರೆಯುತ್ತದೆಯೋ, ಮುಂದಕ್ಕೋ, ಕೆಳಕ್ಕೋ ಎಂದು ಗುರುತಿಸುವುದು ಕೆಲಸ. ಕಾಟ್ಲಾದ ಕೆಳದವಡೆ ಮೇಲಕ್ಕೆ ಮಗುಚಿಕೊಂಡಿದೆ, ಮೀಸೆ ಇಲ್ಲ. ರೋಹುವಿನ ತುಟಿಗೆ ಜಾಲರಿನಂಥ ಅಂಚಿದೆ. ಮೃಗಾಲಿನ ಬಾಯಿ ಮೂತಿಯ ಕೆಳಗಿದೆ. ಸಾಮಾನ್ಯ ಗೆಂಡೆಗೆ ಎರಡು ಜೊತೆ ಮೀಸೆ, ಮುಂದಕ್ಕೆ ಚಾಚುವ ಬಾಯಿ. ಕೊರವದ ಬಾಯಿ ಕಣ್ಣಿನ ಹಿಂದಿನವರೆಗೂ ಸೀಳಿದೆ, ಒಳಗೆ ಚೂಪು ಹಲ್ಲು. ಬಾಳೆಮೀನಿನ ಬಾಯಿ ಅದಕ್ಕಿಂತ ದೊಡ್ಡದು, ಮೀಸೆ ಉದ್ದ. ಮಣ್ಣಿನಲ್ಲಿ ಮಾಡಿ ನೋಡಿದಾಗ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಒಬ್ಬ ಹುಡುಗಿ ಕಾಟ್ಲಾದ ಮಾದರಿ ಹಿಡಿದು, ‘ಇದರ ಬಾಯಿ ಮ್ಯಾಲ ಐತ್ರಿ, ಕೆಳಗ ಬಿದ್ದದ್ದನ್ನ ತಿನ್ನಾಕ ತಲಿ ಕೆಳಗ ಮಾಡಿ ನಿಲ್ಲಬೇಕಾಗತೈತಿ’ ಎಂದಳು. ಪಠ್ಯದ ಮೊದಲ ಸಾಲು ಅಲ್ಲಿಗೆ ಸಿದ್ಧವಾಯಿತು.

ನಂತರ ಬುಟ್ಟಿಯ ಪ್ರಯೋಗ. ಚಪ್ಪಟೆ ತಗಡನ್ನು ದಾರ ಕಟ್ಟಿ ನೀರಿನಲ್ಲಿ ಎಳೆದರೆ ಹೆಚ್ಚು ಅಲುಗದೆ ಬರುತ್ತದೆ. ಚಮಚದ ತುಂಡನ್ನು ಎಳೆದರೆ ಅದು ಎಡಕ್ಕೂ ಬಲಕ್ಕೂ ಹೊರಳುತ್ತ, ಹೊಳೆಯುತ್ತ ಬರುತ್ತದೆ. ಗಾಯಗೊಂಡ ಸಣ್ಣ ಮೀನು ಈಜುವುದೂ ಹೀಗೆಯೇ. ಅಂಗಡಿಯಲ್ಲಿ ‘ಲೂರ್’ ಎಂದು ಮಾರುವ, ಪಾಠದಲ್ಲಿ ನಾನು ‘ಹುಸಿ ಎರೆ’ ಎಂದು ಕರೆದ ಸಾಧನದ ಗುಟ್ಟು ಇದು. ಅದರಲ್ಲಿ ತಿನ್ನುವಂಥದ್ದು ಏನೂ ಇಲ್ಲ. ಚಲನೆ ಮತ್ತು ಹೊಳಪು ಮಾತ್ರ ಇವೆ.

ವಿವರಿಸುವುದು: ಇಲ್ಲಿ ಮೂರು ವಿಷಯಗಳನ್ನು ಜೋಡಿಸಿದೆ.

ಮೊದಲನೆಯದು ಇಂದ್ರಿಯಗಳು. ಗೆಂಡೆ ಮತ್ತು ಬಾಳೆಮೀನಿನ ಮೀಸೆಯಲ್ಲಿ ರುಚಿಮೊಗ್ಗುಗಳಿವೆ. ಕೆಸರು ನೀರಿನಲ್ಲೂ ಅವು ತಡಕಿ ತಿನಿಸು ಕಂಡುಕೊಳ್ಳುತ್ತವೆ. ಹಿಟ್ಟಿನ ಉಂಡೆ, ಎರೆಹುಳು ಕೆಲಸ ಮಾಡುವುದು ವಾಸನೆ ಮತ್ತು ರುಚಿಯಿಂದ. ಮೀನಿನ ಮೈಯ ಎರಡು ಬದಿಗೆ ಇರುವ ಪಾರ್ಶ್ವರೇಖೆ ನೀರಿನ ಕಂಪನವನ್ನು ಗ್ರಹಿಸುತ್ತದೆ. ಕಡ್ಡಿಯ ಸುತ್ತ ತಿರುಗುವ ಎಲೆಯಾಕಾರದ ತಗಡು ಇರುವ ಸ್ಪಿನ್ನರ್ ಮುಖ್ಯವಾಗಿ ಈ ರೇಖೆಯನ್ನು ಕೆಣಕುತ್ತದೆ. ಚಮಚ ಕಣ್ಣನ್ನೂ ಕೆಣಕುತ್ತದೆ.

ಎರಡನೆಯದು ಆಹಾರ ಸರಪಳಿ. ಚಲಿಸುವ ಹುಸಿ ಎರೆಯನ್ನು ಬೆನ್ನಟ್ಟುವುದು ಬೇಟೆಯಾಡುವ ಮೀನು. ಕೊರವ ಜೊಂಡಿನ ಮರೆಯಲ್ಲಿ ಹೊಂಚುಹಾಕಿ ಕಪ್ಪೆ, ಸಣ್ಣ ಮೀನುಗಳ ಮೇಲೆ ಎರಗುತ್ತದೆ. ಆದ್ದರಿಂದ ಅದಕ್ಕೆ ರಬ್ಬರಿನ ಕಪ್ಪೆಯನ್ನು ಜೊಂಡಿನ ಮೇಲೆ ಕುಪ್ಪಳಿಸುತ್ತ ಎಳೆಯುತ್ತಾರೆ. ಕಳೆಗೆ ಸಿಕ್ಕದಿರಲೆಂದು ಆ ಕಪ್ಪೆಯ ಗಾಳದ ಮೊನೆಗಳು ಮೇಲ್ಮುಖವಾಗಿ, ಮೈಗೆ ಒತ್ತಿಕೊಂಡಿರುತ್ತವೆ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಕಾಟ್ಲಾಕ್ಕೆ ಇಂಥ ಕಪ್ಪೆ, ಚಮಚಗಳಲ್ಲಿ ಆಸಕ್ತಿಯಿಲ್ಲ. ಅದಕ್ಕೆ ಬಲೆ, ಇಲ್ಲವೇ ನೀರಲ್ಲಿ ಕದಡಿ ಹರಡುವ ಹಿಟ್ಟು ಬೇಕು.

ಮೂರನೆಯದು ಭೌತವಿಜ್ಞಾನ. ಅದೇ ತರಗತಿಯ ಒತ್ತಡ ಮತ್ತು ತೇಲುವಿಕೆಯ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಗಾಳದ ಮೊನೆ ಚೂಪಾದಷ್ಟೂ ಸಣ್ಣ ಬಲಕ್ಕೆ ದೊಡ್ಡ ಒತ್ತಡ. ಬೆಂಡಿನ ಕೆಳಗೆ ಸೀಸದ ಗುಂಡನ್ನು ಹೆಚ್ಚಿಸುತ್ತ ಹೋದಂತೆ ಬೆಂಡು ಹೆಚ್ಚು ಮುಳುಗುತ್ತದೆ. ತುದಿಯಷ್ಟೇ ಕಾಣುವಂತೆ ನಿಲ್ಲಿಸಿದರೆ ಮೀನಿನ ಸಣ್ಣ ಸೆಳೆತವೂ ಕಾಣುತ್ತದೆ. ಬೆಂಡಿನಿಂದ ಗಾಳದವರೆಗಿನ ದಾರ ಎಷ್ಟು ಉದ್ದ ಎಂಬುದೇ ಮೇಲು, ನಡು, ತಳ ಎಂಬ ನೆಲೆಯನ್ನು ತೀರ್ಮಾನಿಸುತ್ತದೆ. ಪಠ್ಯದಲ್ಲಿ ಹೇಳಿರುವ ಮೂರು ನೆಲೆಗಳು ಹೀಗೆ ದಾರದ ಮೇಲೆ ಗಂಟು ಹಾಕಿ ತೋರಿಸಬಹುದಾದ ಅಳತೆಗಳಾದವು.

ವಿಸ್ತರಿಸುವುದು: ಎರಡನೆಯ ಅವಧಿಯಲ್ಲಿ ಪಠ್ಯದ ಪ್ರಶ್ನೆಗೆ ಬಂದೆವು. ‘ಈ ಆರರಲ್ಲಿ ನಿಮ್ಮ ಕೃಷಿ ಹೊಂಡಕ್ಕೆ ಯಾವುವನ್ನು ಬಿಡುತ್ತೀರಿ?’ ನಾಲ್ಕು ಗುಂಪುಗಳೂ ಕೊರವ ಮತ್ತು ಬಾಳೆಮೀನನ್ನು ಹೊರಗಿಟ್ಟವು. ಮರಿ ಬಿಡುವ ಮೊದಲು ಕೊಳದಿಂದ ಬೇಟೆಮೀನುಗಳನ್ನು ತೆಗೆಯಬೇಕೆಂಬ ಸಾಕಣೆಯ ನಿಯಮವನ್ನು ನಾನು ಹೇಳುವ ಮೊದಲೇ ಅವರು ತಲುಪಿದ್ದರು. ಹವ್ಯಾಸಿ ಗಾಳಗಾರ ಬಯಸಿ ಹುಡುಕುವ ಮೀನು ಸಾಕಣೆದಾರನಿಗೆ ನಷ್ಟ. ಉಳಿದ ನಾಲ್ಕನ್ನು ಒಟ್ಟಿಗೆ ಬಿಡಬಹುದೇ ಎಂದಾಗ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಎರಡೂ ತಳದವು, ಲೆಕ್ಕ ನೋಡಿ ಬಿಡಬೇಕು ಎಂಬ ಮಾತು ಬಂತು. ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನ ನದಿಗಳ ಮೀನುಗಳು, ನಮ್ಮ ಕಡೆಗೆ ತಂದು ಬಿಟ್ಟವು ಎಂಬುದನ್ನೂ ಇಲ್ಲಿ ಸೇರಿಸಿದೆ.

ಒಂದು ಪ್ರಶ್ನೆ, ಒಂದು ಚರ್ಚೆ

ಹುಸಿ ಎರೆಯ ಚರಿತ್ರೆಗೆಂದು ಫಿನ್ಲೆಂಡಿನ ಲೌರಿ ರಪಾಲಾ ಎಂಬ ಮೀನುಗಾರನ ಕಥೆ ಹೇಳಿದ್ದೆ. ಹಿಂಡಿನಲ್ಲಿ ಬೇರೆ ರೀತಿ ಈಜುವ ಸಣ್ಣ ಮೀನನ್ನೇ ದೊಡ್ಡ ಮೀನು ಹಿಡಿಯುವುದನ್ನು ಗಮನಿಸಿ, 1936ರಲ್ಲಿ ಬೆಂಡು ಕೆತ್ತಿ, ಚಾಕೊಲೇಟಿನ ಬೆಳ್ಳಿಹಾಳೆ ಸುತ್ತಿ ಅವನು ತನ್ನ ಮೊದಲ ಹುಸಿ ಮೀನು ಮಾಡಿದ. ಹೊಟ್ಟೆಪಾಡಿಗೆ ಮೀನು ಹಿಡಿಯುತ್ತಿದ್ದವನ ವೀಕ್ಷಣೆಯಿಂದ ಹುಟ್ಟಿದ ಸಾಧನ ಅದು. ಆಮೇಲೆ ನಮ್ಮ ಕಾವೇರಿಗೆ ಬಂದೆ. ಅಲ್ಲಿಯ ಮಹಸೀರ್, ಊರವರ ಬಾಯಲ್ಲಿ ಬಿಳಿಮೀನು, ಗಾಳಗಾರರಿಗೆ ಜಗತ್ತಿನಲ್ಲೇ ಹೆಸರಾದ ಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದದ್ದು 120 ಪೌಂಡು, ಅಂದರೆ ಸುಮಾರು 54 ಕಿಲೋ. ಅದರ ದವಡೆಯಲ್ಲಿ ಹಲ್ಲಿಲ್ಲ. ಏಡಿ, ಬಸವನಹುಳುಗಳನ್ನು ಗಂಟಲ ಹಲ್ಲುಗಳಿಂದ ನುರಿಯುತ್ತದೆ. ಕಾವೇರಿಯಲ್ಲಿ ಅದಕ್ಕೆ ರಾಗಿ ಮುದ್ದೆಯ ಉಂಡೆಯನ್ನೇ ಎರೆ ಮಾಡುತ್ತಿದ್ದರು. ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವುದು ಅಲ್ಲಿಯ ಗಾಳ ಶಿಬಿರಗಳ ಪದ್ಧತಿಯಾಗಿತ್ತು.

ಆಗ ಒಬ್ಬ ಹುಡುಗ ಎದ್ದು, ‘ಸರ, ಬಿಡೂದಾದ್ರ ಹಿಡಿಯೂದ್ಯಾಕ್ರಿ?’ ಎಂದ. ಹಿನ್ನೀರಿನ ಕಡೆ ನೆಂಟರಿದ್ದ ಇನ್ನೊಬ್ಬ, ‘ನಮ್ಮ ಮಾವಾರು ಬಿಟ್ರ ಮನ್ಯಾಗ ಒಲಿ ಹತ್ತೂದಿಲ್ಲ’ ಎಂದ. ತರಗತಿ ನಗಲಿಲ್ಲ. ಈ ಎರಡು ಮಾತುಗಳ ನಡುವೆಯೇ ಸಂಪನ್ಮೂಲದ ಇಡೀ ಪಾಠ ಇದೆ. ನಾನು ತೀರ್ಪು ಕೊಡದೆ ಎರಡನ್ನೂ ಹಲಗೆಯ ಮೇಲೆ ಬರೆದು ಕೆಲವು ಸಂಗತಿಗಳನ್ನು ಮುಂದಿಟ್ಟೆ.

ಕಾವೇರಿಯ ಗಾಳಿಬೋರೆ ಶಿಬಿರದಲ್ಲಿ ಗಾಳಗಾರರು ಹಿಡಿದು ಬಿಟ್ಟ ಮೀನಿನ ಲೆಕ್ಕ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಒಟ್ಟು ಮಹಸೀರ್ ಹೆಚ್ಚುತ್ತಿದ್ದರೂ ಕಾವೇರಿಗೇ ವಿಶಿಷ್ಟವಾದ ಗೂನುಬೆನ್ನಿನ ಮಹಸೀರ್ ಕುಸಿಯುತ್ತಿರುವುದು ಕಂಡಿತು. ಹೊರಗಿನಿಂದ ತಂದು ಬಿಟ್ಟ ಮಹಸೀರ್ ಅದರ ಜಾಗ ತುಂಬುತ್ತಿತ್ತು. 2018ರಲ್ಲಿ ಅದು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿತು. ಲೆಕ್ಕ ಬರೆಯದಿದ್ದರೆ ಆ ಕುಸಿತ ಹೀಗೆ ಕಾಣುತ್ತಿರಲಿಲ್ಲ. ಮುನಿರಾಬಾದಿಗೆ ಬರುವ ತುಂಗೆಯದೇ ಮೇಲ್ಭಾಗದಲ್ಲಿ, ಶೃಂಗೇರಿಯ ದೇವಸ್ಥಾನದ ಬಳಿ, ಮೀನುಗಳನ್ನು ಹಿಡಿಯದೆ ತಲೆಮಾರುಗಳಿಂದ ಕಾಯ್ದಿದ್ದಾರೆ. ಬಲೆ ಹಾಕುವ ಮನೆಗಳಿಗೂ ಅವರದೇ ದಾರಿ ಇದೆ: ಬಲೆಯ ಕಣ್ಣು ದೊಡ್ಡದಿದ್ದರೆ ಮರಿ ತಪ್ಪಿಸಿಕೊಳ್ಳುತ್ತದೆ, ಮೊಟ್ಟೆಯಿಡುವ ಹೊತ್ತಿಗೆ ಬಿಟ್ಟರೆ ಮುಂದಿನ ವರ್ಷಕ್ಕೆ ಮೀನು ಉಳಿಯುತ್ತದೆ. ‘ಸಣ್ಣದನ್ನ ಬಿಡೂದು ದಾನ ಅಲ್ರಿ, ಬಿತ್ತೂದು’ ಎಂದು ಚರ್ಚೆಯನ್ನು ಮುಗಿಸಿದವನು ಒಲೆಯ ಮಾತಾಡಿದ ಹುಡುಗನೇ. ರೈತರ ಮಕ್ಕಳಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಮೌಲ್ಯಮಾಪನ

ಪಠ್ಯದಲ್ಲಿಲ್ಲದ ಮೀನಿನ ಚಿತ್ರ ಕೊಟ್ಟು, ‘ಇದು ಎಲ್ಲಿ, ಏನು ತಿನ್ನುತ್ತದೆ? ಯಾವ ಎರೆ? ದಾರ ಎಷ್ಟು ಉದ್ದ? ಕಾರಣ ಕೊಡಿ’ ಎಂದು ಕೇಳಿದೆ. ಹೆಸರು ಗೊತ್ತಿಲ್ಲದ ಮೀನಿಗೂ ಬಹಳಷ್ಟು ಮಕ್ಕಳು ಬಾಯಿ ನೋಡಿ ಕಾರಣ ಬರೆದರು. ಉತ್ತರ ಸರಿಯೋ ತಪ್ಪೋ ಎನ್ನುವುದಕ್ಕಿಂತ ‘ಏಕೆಂದರೆ’ ಎಂಬ ಪದ ಹಾಳೆಯ ಮೇಲೆ ಬಂದಿದೆಯೇ ಎಂದು ನೋಡಿ ಅಂಕ ಕೊಟ್ಟೆ. ಮನೆಗೆಲಸವಾಗಿ ಸಂತೆಗೆ ಬರುವ ಮೀನಿನ ಹೆಸರು, ಬಾಯಿಯ ದಿಕ್ಕು, ಅಂದಾಜು ಉದ್ದ ಬರೆಯುವ ಪುಸ್ತಕವೊಂದನ್ನು ತರಗತಿಗೆ ಕೊಟ್ಟಿದ್ದೇನೆ. ಮೀನು ನೋಡಲು ಇಷ್ಟವಿಲ್ಲದವರಿಗೆ ಹೊಂಡ, ಕೆರೆಗೆ ಬರುವ ಹಕ್ಕಿಗಳ ಕೊಕ್ಕಿನ ಬಗ್ಗೆ ಅದೇ ರೀತಿಯ ಪಟ್ಟಿ. ಕೊಕ್ಕೂ ಬಾಯಿಯೇ, ಅದೂ ಆಹಾರವನ್ನೇ ಹೇಳುತ್ತದೆ.

ಈ ಪಾಠ ಮಾಡುವವರಿಗೆ ಸೂಚನೆಗಳು

1. ಗಾಳದ ಮುಳ್ಳನ್ನು ಇಕ್ಕಳದಿಂದ ಮುರಿದು, ಮೊನೆಗೆ ಮೇಣ ಮೆತ್ತಿಯೇ ಮಕ್ಕಳ ಕೈಗೆ ಕೊಡಬೇಕು. ಪಾಠದ ಕೊನೆಗೆ ಎಣಿಸಿ ವಾಪಸು ಪಡೆಯಬೇಕು. ಕೆರೆಯ ದಂಡೆಯಲ್ಲಿ ಪ್ರಯೋಗ ಬೇಡ, ಬುಟ್ಟಿ ಸಾಕು.

2. ಮೀನು ಹಿಡಿಯುವ ಮನೆಯ ಮಗುವನ್ನು ಹೆಸರಿಟ್ಟು ಎಬ್ಬಿಸಿ ‘ನೀನು ಹೇಳು’ ಎನ್ನಬಾರದು. ಕಸುಬಿಗೆ ಜಾತಿಯ ಹೆಸರು ಅಂಟಿರುವ ಊರಿನಲ್ಲಿ ಆ ಒಂದು ಮಾತು ಮಗುವನ್ನು ವರ್ಷವಿಡೀ ಮೌನಗೊಳಿಸಬಹುದು. ಪ್ರಶ್ನೆಯನ್ನು ಇಡೀ ತರಗತಿಗೆ ಕೇಳಿ, ಅವಸರ ಮಾಡದೆ ಕಾಯಿರಿ. ಬಲ್ಲವರು ತಾವೇ ಬರುತ್ತಾರೆ. ಬಂದಾಗ ಅದನ್ನು ‘ಊರ ಮಾತು’ ಎಂದು ಬದಿಗಿಡದೆ ಹಲಗೆಯ ಮೇಲೆ ಬರೆಯಿರಿ.

3. ಮೀನಿನ ಹೆಸರುಗಳು ಊರಿಂದ ಊರಿಗೆ ಬೇರೆ. ಮಕ್ಕಳು ಹೇಳುವ ಹೆಸರನ್ನು ಮೊದಲು ಬರೆದು, ಪಕ್ಕದಲ್ಲಿ ಪಠ್ಯದ ಹೆಸರು ಬರೆಯಿರಿ. ಪರೀಕ್ಷೆಗೆ ಎರಡನೆಯದು ಬೇಕು, ಗುರುತಿಸಲು ಮೊದಲನೆಯದು ಬೇಕು.

4. ಸಮಯ ಒಂದೇ ಅವಧಿ ಇದ್ದರೆ ಚರಿತ್ರೆಯನ್ನು ಬಿಡಬಹುದು. ಮಣ್ಣಿನ ಬಾಯಿ, ಬುಟ್ಟಿಯ ಚಮಚ, ಹೊಂಡಕ್ಕೆ ತಳಿ ಆಯ್ಕೆ ಈ ಮೂರನ್ನು ಬಿಡಬಾರದು. ಪಠ್ಯದ ಪಟ್ಟಿಯನ್ನು ಮಾತ್ರ ಕೊನೆಯವರೆಗೂ ಮುಚ್ಚಿಡಿ. ಮಕ್ಕಳು ತಮ್ಮ ಪಟ್ಟಿ ಬರೆದ ಮೇಲೆ ಪುಸ್ತಕ ತೆರೆದು ತಾಳೆ ನೋಡಲಿ.