ಟಿಲ್ಲರಿನ ಹಿಂದೆ ಟ್ರೈಲರ್ ಕಟ್ಟುವಾಗ



ಮಳೆ ಹಿಡಿಯುವ ಮೊದಲು ಸುಳ್ಯ ಕಡೆಯ ಒಂದು ಸಂಘದ ಸಭೆಗೆ ಹೋಗಿದ್ದೆ. ನಾಲ್ಕು ಮಂದಿ ಸದಸ್ಯರು ಟಿಲ್ಲರಿನ ಟ್ರೈಲರಿನಲ್ಲಿ ಹಟ್ಟಿಗೊಬ್ಬರದ ಗೋಣಿಗಳ ಮೇಲೆ ಕುಳಿತು ಬಂದಿಳಿದರು. "ಹೆದರಿಕೆ ಆಗುವುದಿಲ್ವಾ?" ಎಂದು ಕೇಳಿದೆ. "ಎಂತ ಹೆದರಿಕೆ ಸಿಸ್ಟರ್, ನಡೆದರೆ ಮುಕ್ಕಾಲು ಗಂಟೆ ಬೇಕು" ಅಂದರು. ನಾನು ಟ್ರೈಲರ್ ಸಿಕ್ಕಿಸಿದ ಜಾಗ ನೋಡಿದೆ. ಪಿನ್ನು ಇರಬೇಕಾದಲ್ಲಿ ಕಬ್ಬಿಣದ ಸರಳಿನ ಒಂದು ತುಂಡು. ಅದು ಮೇಲೆ ಹಾರದಂತೆ ತಡೆಯುವ ಕ್ಲಿಪ್ಪೂ ಇಲ್ಲ. ಆ ದಿನ ಸಾಲದ ಲೆಕ್ಕ ಸ್ವಲ್ಪ ಹಿಂದೆ ಹಾಕಿ ಇದನ್ನೇ ಮಾತಾಡಿದೆವು.

ಪುತ್ತೂರು, ಸುಳ್ಯ, ಕಡಬದ ತೋಟದ ದಾರಿಗಳೆಲ್ಲ ಏರು ಇಳಿತವೇ. ಏರುವಾಗ ಟಿಲ್ಲರ್ ಟ್ರೈಲರನ್ನು ಎಳೆಯುತ್ತದೆ. ಇಳಿಯುವಾಗ ಟ್ರೈಲರೇ ಟಿಲ್ಲರನ್ನು ನೂಕುತ್ತದೆ. ಅಡಿಕೆಗೆ ಮದ್ದು ಬಿಡುವ ಸಮಯದಲ್ಲಿ 200 ಲೀಟರಿನ ಎರಡು ಡ್ರಮ್ಮು ಇಟ್ಟರೆ ಅದೇ 400 ಕಿಲೋ ಆಯಿತು. ಮೇಲಿಂದ ನಾಲ್ಕು ಜನ ಹತ್ತಿದರೆ ಹಿಂದಿನ ಭಾರ ಮುಂದಿನ ಟಿಲ್ಲರಿಗಿಂತ ಹೆಚ್ಚು. ಡ್ರಮ್ಮು ಅರ್ಧ ತುಂಬಿದ್ದರೆ ಇನ್ನೂ ಕಷ್ಟ, ತಿರುವಿನಲ್ಲಿ ನೀರು ಒಂದೇ ಕಡೆ ನುಗ್ಗುತ್ತದೆ.

ಟಿಲ್ಲರ್ ಓಡಿಸಲು ಕಲಿಯುವ ಸಹೋದರಿಯರು ಒಂದು ವಿಷಯ ಚೆನ್ನಾಗಿ ತಿಳಿಯಬೇಕು. ಸಮತಟ್ಟಿನಲ್ಲಿ ಎಡಗೈಯ ಸ್ಟೇರಿಂಗ್ ಕ್ಲಚ್ ಹಿಡಿದರೆ ಎಡ ಚಕ್ರಕ್ಕೆ ಇಂಜಿನಿನ ಬಲ ತಪ್ಪಿ, ಬಲ ಚಕ್ರ ಮುಂದೆ ಹೋಗಿ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಇದು ಉಲ್ಟಾ! ಅಲ್ಲಿ ಇಂಜಿನು ಎರಡೂ ಚಕ್ರಗಳನ್ನು ಹಿಡಿದು ನಿಲ್ಲಿಸಿರುತ್ತದೆ. ಎಡ ಕ್ಲಚ್ ಹಿಡಿದ ಕೂಡಲೇ ಎಡ ಚಕ್ರ ಬಿಡುಗಡೆಯಾಗಿ, ಹಿಂದಿನ ಭಾರಕ್ಕೆ ಮುಂದೆ ಓಡುತ್ತದೆ, ಟಿಲ್ಲರ್ ಬಲಕ್ಕೆ ಹೋಗುತ್ತದೆ. ಹೊಸಬರು ಗಾಬರಿಯಲ್ಲಿ ಇನ್ನೂ ಗಟ್ಟಿ ಹಿಡಿಯುತ್ತಾರೆ, ಚರಂಡಿಗೋ ತೋಟಕ್ಕೋ ಬೀಳುತ್ತಾರೆ. ಆದ್ದರಿಂದ ಇಳಿಯುವಾಗ ಆ ಕ್ಲಚ್ ಮುಟ್ಟಬೇಡಿ, ಹ್ಯಾಂಡಲನ್ನೇ ಕೈಯಿಂದ ನಿಧಾನ ತಿರುಗಿಸಿ. ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಹಾಕಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವವರುಂಟು. ಎಷ್ಟು ಡೀಸೆಲ್ ಉಳಿಯಿತೋ ನನಗೆ ಗೊತ್ತಿಲ್ಲ, ಇಂಜಿನಿನ ಹಿಡಿತ ಮಾತ್ರ ಪೂರಾ ಹೋಗುತ್ತದೆ. ಟ್ರೈಲರಿನ ಬ್ರೇಕನ್ನು ಒಮ್ಮೆಲೇ ಒತ್ತದೆ ಸ್ವಲ್ಪ ಸ್ವಲ್ಪವೇ ಒತ್ತಬೇಕು. ಟ್ರ್ಯಾಕ್ಟರಾದರೆ ರಸ್ತೆಗೆ ಬರುವ ಮೊದಲು ಎರಡು ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಲೇಬೇಕು. ಒಂದೇ ಬದಿಗೆ ಬ್ರೇಕ್ ಬಿದ್ದರೆ ಗಾಡಿ ಅಡ್ಡ ತಿರುಗುತ್ತದೆ.

ಲೋಡು ಹಾಕುವಾಗ ಭಾರದ ವಸ್ತು ಚಕ್ರದ ಅಚ್ಚಿನ ಮೇಲೆ, ಸ್ವಲ್ಪ ಮುಂದಕ್ಕೆ ಇರಲಿ. ಎಲ್ಲ ಹಿಂದೆ ಹಾಕಿದರೆ ಕೊಕ್ಕೆಯ ಕಡೆ ಮೇಲೇಳುತ್ತದೆ. ಹಾಳೆತಟ್ಟೆ ಮಾಡುವ ಸಂಘದವರು ಹಾಳೆಯನ್ನು ಎತ್ತರಕ್ಕೆ ಪೇರಿಸುತ್ತಾರೆ. ಹಗುರ ನಿಜ, ಆದರೆ ಹಗ್ಗ ಅಡ್ಡಡ್ಡ ಬಿಗಿಯದಿದ್ದರೆ ತಿರುವಿನಲ್ಲಿ ಜಾರುತ್ತದೆ. ಮಾಣಿಯಿಂದ ಪುತ್ತೂರು, ಸುಳ್ಯ, ಸಂಪಾಜೆಗೆ ಹೋಗುವ 275ನೇ ಹೆದ್ದಾರಿಯಲ್ಲಿ ಬಸ್ಸು, ಲಾರಿ ವೇಗವಾಗಿ ಬರುತ್ತವೆ. ಹಿಂದೆ ಕೆಂಪು ಹೊಳೆಯುವ ಪಟ್ಟಿ ಇಲ್ಲದೆ ಕತ್ತಲಲ್ಲಿ ಹೋಗಲೇಬಾರದು. ಟ್ರೈಲರ್ ಸಿಕ್ಕಿಸುವಾಗ ಎರಡರ ಮಧ್ಯೆ ನಿಲ್ಲಬೇಡಿ. ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಪಿನ್ನಿಗೆ ಕೈ ಹಾಕಿ.

ಇನ್ನು ಜನ ಕೂರುವ ವಿಷಯ. ಟ್ರೈಲರ್ ಇರುವುದು ಸಾಮಾನಿಗೆ. 2007ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಒಂದು ಪ್ರಕರಣ ಬಂದಿತ್ತು. ಮಣ್ಣು ತುಂಬಿದ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಕುಳಿತಿದ್ದ ಕೂಲಿಯಾಳು ಬಿದ್ದು ಗಾಯಗೊಂಡಿದ್ದರು. ಟ್ರ್ಯಾಕ್ಟರಿಗೆ ಕೃಷಿ ಕೆಲಸಕ್ಕೆಂದು ಮಾತ್ರ ವಿಮೆ ಇತ್ತು. ವಿಮಾ ಕಂಪನಿಗೆ ಹೊಣೆ ಇಲ್ಲವೆಂದು ಕೋರ್ಟು ಹೇಳಿತು. ಬಡ ಕೂಲಿಯಾಳೆಂದು ಕನಿಕರಿಸಿ ಕಂಪನಿಯೇ ಮೊದಲು ಹಣ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲು ಮಾಡಲಿ ಎಂದಿತು. ಸಂಘದ ಸಾಲದಲ್ಲಿ ಗಾಡಿ ತೆಗೆದರೆ ಆ ಮಾಲೀಕರು ಯಾರು? ನಾವೇ ಅಲ್ವಾ? ಗಾಯವಾದವಳೂ ನಮ್ಮ ಸದಸ್ಯೆಯೇ.

ಸಭೆಯಲ್ಲಿ ಚರ್ಚಿಸಿ: ನಮ್ಮಲ್ಲಿ ಯಾರೆಲ್ಲ ಟ್ರೈಲರಿನಲ್ಲಿ ಕೂಲಿಗೆ ಹೋಗುತ್ತೇವೆ? ಎಲ್ಲರೂ ಸೇರಿ ಒಂದು ಜೀಪು ಗೊತ್ತು ಮಾಡಿದರೆ ತಲೆಗೆ ಎಷ್ಟು ಬೀಳುತ್ತದೆ? ಸಂಘದ ಗಾಡಿಯ ವಿಮೆ ಪತ್ರ ಯಾರ ಹತ್ತಿರ ಉಂಟು? ಮುಂದಿನ ಸಭೆಗೆ ಅದನ್ನು ತಂದು ಗಟ್ಟಿಯಾಗಿ ಓದಿಸಿ.